ಕೋಟೆ ಹತ್ತುವಾಗ ಬಂದ ನೋವು

ದಾವಣಗೆರೆ
ಭಾನುವಾರ ರಾತ್ರಿ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ಮಧ್ಯಾಹ್ನ ಅಕ್ಕ, ನಿಮ್ಮಮ್ಮ, ಫೋನ್ ಮಾಡಿದ್ದಳು. ಹೋದ ವಾರ ನೀನು ಮಕ್ಕಳನ್ನು ಕರೆದುಕೊಂಡು ಕೋಟೆಗೆ ಹೋಗಿದ್ದೆಯಂತೆ. ಏಕನಾಥೇಶ್ವರಿ ಗುಡಿ ಕಡೆ ಹತ್ತುವಾಗ ಎದೆ ಬಿಗಿ ಹಿಡಿದು ಬಂಡೆ ಮೇಲೆ ಕೂತೆಯಂತೆ. ಐದು ನಿಮಿಷಕ್ಕೆ ಸರಿಹೋಯಿತು, ಮತ್ತೆ ಹತ್ತಿದೆ, ಮತ್ತೆ ಹಿಡಿಯಿತು, ಮತ್ತೆ ಕೂತೆ. ಕೆಳಗೆ ಬಂದು ಸೋಡಾ ಕುಡಿದು ಗ್ಯಾಸು ಅಂದೆಯಂತೆ. ನೀನು ದಪ್ಪ ಆಗಿದ್ದೀಯ, ಮೊದಲಿನ ಹಾಗೆ ಹತ್ತೋಕಾಗಲ್ಲ ಅನ್ನುವ ಮಾತಿಗೆ ಅಕ್ಕ ಇದನ್ನು ಹೇಳಿದ್ದು. ನಾನು ಉಣ್ಣುತ್ತಿದ್ದ ತಟ್ಟೆ ಪಕ್ಕಕ್ಕಿಟ್ಟೆ.

"ಎದೆ ಹಿಡಿದಾಗ ಕೈ ಹೇಗಿಟ್ಟುಕೊಂಡಿದ್ದ?" ಅಂತ ಕೇಳಿದೆ. "ಅಂಗೈ ಅಗಲ ಮಾಡಿ ನಡುಎದೆ ತಿಕ್ಕುತ್ತಿದ್ದ ಅಂತ ಮಗು ಹೇಳ್ತು" ಅಂದಳು.

ಫೋನಿನಲ್ಲಿ ಹೇಳಿದರೆ "ಆಯ್ತು ಮಾವ, ನೋಡೋಣ" ಅಂತೀಯ. ಅದಕ್ಕೇ ಬರೆದು, ನಾಳೆ ಬೆಳಗ್ಗೆ ದುರ್ಗಕ್ಕೆ ಬರುವ ಹುಡುಗನ ಕೈಯಲ್ಲಿ ಕಳಿಸುತ್ತಿದ್ದೇನೆ. ಗಿರಾಕಿ ಇದ್ದರೆ ಅವರು ಹೋದ ಮೇಲೆ ಕೂತು ಓದು.

ನಾನು ಡಾಕ್ಟರಲ್ಲ. ಆದರೆ ಆಸ್ಪತ್ರೆಯಲ್ಲಿ 31 ವರ್ಷ ಇಸಿಜಿ, ಅಂದರೆ ಹೃದಯ ಬಡಿತದ ಗೆರೆ, ಕಾಗದದ ಮೇಲೆ ತೆಗೆದವನು. ನೋವು ಎಲ್ಲಿ ಅಂತ ಕೇಳಿದರೆ ಒಂದು ಬೆರಳಿಟ್ಟು ತೋರಿಸುವವರು ಬೇರೆ, ಮುಷ್ಟಿಯನ್ನೋ ಅಂಗೈಯನ್ನೋ ಎದೆಗಿಟ್ಟು ಮಾತೇ ಬಾರದೆ ಕೂರುವವರು ಬೇರೆ. ಇದು ಬರೆದಿಟ್ಟ ನಿಯಮವೇನಲ್ಲ, ತಪ್ಪುವುದೂ ಉಂಟು. ಆದರೆ ಅಂಗೈ ಇಟ್ಟವರ ಕಾಗದವನ್ನು ಡಾಕ್ಟರ ಹತ್ತಿರ ಓಡಿಕೊಂಡೇ ಒಯ್ಯುತ್ತಿದ್ದೆ. ಅದರ ಮೇಲೆ ನಿನ್ನದು ಹತ್ತುವಾಗ ಬಂದು ಕೂತಾಗ ಹೋದ ನೋವು. ಗ್ಯಾಸಿಗೆ ಮೆಟ್ಟಿಲು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ಗೊತ್ತಾಗುವುದಿಲ್ಲಪ್ಪ. ಹೃದಯಕ್ಕೆ ಗೊತ್ತಾಗುತ್ತದೆ.

ಯಾಕೆ ಅಂತ ಹೇಳುತ್ತೇನೆ. ನೀನು ಮೋಟರ್ ವೈಂಡಿಂಗ್ ಮಾಡುವವನು, ಪಂಪ್‌ಸೆಟ್ ಬಿಚ್ಚಿ ಕಟ್ಟುವವನು. ನಿನಗೆ ಬೇಗ ಹೊಳೆಯುತ್ತದೆ.

ಎದೆಯೊಳಗಿರುವುದು ಮುಷ್ಟಿಯಷ್ಟು ದೊಡ್ಡ ಮಾಂಸದ ಮುದ್ದೆ. ಅದರಲ್ಲಿ ಒಂದೇ ಗೋಡೆಗೆ ಬೆನ್ನು ಕೊಟ್ಟ ಎರಡು ಪಂಪುಗಳಿವೆ. ಬಲಗಡೆಯದು ಮೈಯೆಲ್ಲ ಸುತ್ತಿ ಬಂದ ಕಪ್ಪುಗೆಂಪು ರಕ್ತವನ್ನು ಪಕ್ಕದ ಶ್ವಾಸಕೋಶಕ್ಕೆ ಕಳಿಸುತ್ತದೆ. ಅಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತ ಎಡಗಡೆಗೆ ಬರುತ್ತದೆ. ಎಡಗಡೆಯ ಪಂಪು ಅದನ್ನು ನೆತ್ತಿಯಿಂದ ಕಾಲ ಬೆರಳ ತುದಿವರೆಗೆ ದೂಡಬೇಕು. ಕೆಲಸ ಜಾಸ್ತಿ, ಅದಕ್ಕೇ ಎಡಗಡೆ ಕೆಳಕೋಣೆಯ ಗೋಡೆ ಬಲಗಡೆಯದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ. ಬಾವಿ ಪೈಪಿನ ಫುಟ್‌ವಾಲ್ವ್ ನೀರು ವಾಪಸ್ ಹೋಗದ ಹಾಗೆ ತಡೆಯುತ್ತದಲ್ಲ, ಅಂಥವು ಇಲ್ಲಿ ನಾಲ್ಕಿವೆ. ಸ್ಟೆತಸ್ಕೋಪಿನಲ್ಲಿ ಕೇಳುವ ಲಬ್-ಡಬ್ ಈ ವಾಲ್ವುಗಳು ಮುಚ್ಚಿಕೊಳ್ಳುವ ಸದ್ದು. ಸುಮ್ನೆ ಕೂತಿದ್ದಾಗ ನಿಮಿಷಕ್ಕೆ ಸುಮಾರು 70 ಸಲ ಬಡಿದು 5 ಲೀಟರ್ ರಕ್ತ ದೂಡುತ್ತದೆ. ದಿನಕ್ಕೆ 7,000 ಲೀಟರ್. ಮನೆ ಮೇಲಿನ ಸಾವಿರ ಲೀಟರಿನ ಟ್ಯಾಂಕು ಏಳು ಸಲ ತುಂಬಿದಷ್ಟು.

ಇಷ್ಟು ರಕ್ತ ತನ್ನ ಹೊಟ್ಟೆಯೊಳಗೇ ಹಾದುಹೋದರೂ ಹೃದಯದ ದಪ್ಪ ಮಾಂಸಕ್ಕೆ ಅದು ಇಂಗುವುದಿಲ್ಲ. ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳ ಹೃದಯದಿಂದ ಹೊರಟ ಜಾಗದಲ್ಲೇ ಎರಡು ಸಣ್ಣ ಕವಲು ಒಡೆಯುತ್ತವೆ. ಅವು ವಾಪಸ್ ಬಂದು ಹೃದಯದ ಮೈಮೇಲೆ ಬಳ್ಳಿ ಹಬ್ಬಿದ ಹಾಗೆ ಹಬ್ಬುತ್ತವೆ. ಅವೇ ಕರೋನರಿ ನಾಳಗಳು. ಬಾಲ್‌ಪೆನ್ನಿನ ರೀಫಿಲ್‌ನಷ್ಟು ದಪ್ಪ, 3-4 ಮಿಲಿಮೀಟರ್, ಅಷ್ಟೇ. ಮನುಷ್ಯನ ಜೀವ ನಿಂತಿರುವುದು ಅದರ ಮೇಲೆ.

ಇನ್ನೊಂದು ವಿಷಯ ಕೇಳು. ಹೃದಯ ಹಿಂಡಿಕೊಂಡಾಗ ಅದರ ಮಾಂಸದೊಳಗಿನ ಈ ಕವಲುಗಳೂ ಹಿಂಡಿಹೋಗುತ್ತವೆ. ಆಗ ಅದಕ್ಕೆ ಸರಿಯಾಗಿ ರಕ್ತ ಸಿಗುವುದಿಲ್ಲ. ಎಡಗಡೆಯ ದಪ್ಪ ಗೋಡೆಗೆ ಊಟ ಸಿಗುವುದು ಹೆಚ್ಚಿನ ಪಾಲು ಸಡಿಲ ಬಿಟ್ಟಾಗಲೇ. ನಿಮ್ಮಮ್ಮನ ಹಾಗೆ, ಎಲ್ಲರಿಗೂ ಬಡಿಸಿ ಆಮೇಲೆ ಉಣ್ಣುತ್ತದೆ. ನಿಮಿಷಕ್ಕೆ 72 ಬಡಿತ ಇದ್ದಾಗ ಒಂದೊಂದು ಬಡಿತಕ್ಕೆ ಸುಮಾರು 0.8 ಸೆಕೆಂಡು, ಅದರಲ್ಲಿ ಅರ್ಧ ಸೆಕೆಂಡು ಬಿಡುವು. ಮೆಟ್ಟಿಲು ಹತ್ತುವಾಗ ಬಡಿತ 140ಕ್ಕೆ ಹೋಯಿತು ಅನ್ನು. ಬಡಿತಕ್ಕೆ ಅರ್ಧ ಸೆಕೆಂಡೂ ಇಲ್ಲ, ಜಾಸ್ತಿ ಕಡಿತವಾಗುವುದು ಆ ಬಿಡುವೇ. ಕೆಲಸ ಏರಿತು, ಉಣ್ಣುವ ಹೊತ್ತು ಇಳಿಯಿತು. ಆರೋಗ್ಯವಾಗಿರುವ ನಾಳ ಹಿಗ್ಗಿ ಜಾಸ್ತಿ ರಕ್ತ ಬಿಟ್ಟುಕೊಂಡು ಇದನ್ನು ತೂಗಿಸುತ್ತದೆ. ಒಳಗೋಡೆಯಲ್ಲಿ ಕೊಬ್ಬು ಕೂತ ನಾಳ ಹಿಗ್ಗಲಾರದು. ಅರ್ಧ ಮುಚ್ಚಿದರೂ ಎಷ್ಟೋ ಜನರಿಗೆ ಏನೂ ಗೊತ್ತಾಗುವುದಿಲ್ಲ. ನೂರಕ್ಕೆ 70ರ ಆಸುಪಾಸು ಮುಚ್ಚಿದಾಗ ಹತ್ತುವಾಗ, ಓಡುವಾಗ, ಭಾರ ಎತ್ತುವಾಗ ಹಿಡಿಯುತ್ತದೆ. ಕೂತರೆ ಬಿಡುತ್ತದೆ. ಡಾಕ್ಟರು ಇದನ್ನು ಆಂಜೈನಾ ಅನ್ನುತ್ತಾರೆ.

ವೋಲ್ಟೇಜ್ ಕಮ್ಮಿ ಇದ್ದಾಗ ಮೋಟರು ಖಾಲಿ ಓಡಿದರೆ ಓಡುತ್ತದೆ. ಲೋಡ್ ಬಿದ್ದ ಕೂಡಲೇ ಗುಂಯ್ ಅಂತ ನಿಂತು ಬಿಸಿಯಾಗುತ್ತದೆ. ಆಗ ಆಫ್ ಮಾಡದ ರೈತನ ಮೋಟರೇ ಅಲ್ವಾ ನಿನ್ನ ಅಂಗಡಿಗೆ ಸುಟ್ಟು ಬರುವುದು?

ಈಗ ಇಷ್ಟು ವರ್ಷ ನಿನಗೆ ಹೇಳದೆ ಇಟ್ಟುಕೊಂಡಿದ್ದನ್ನು ಹೇಳುತ್ತೇನೆ.

ನಿಮ್ಮಪ್ಪ ತೀರಿಕೊಳ್ಳುವ 23 ದಿನ ಮೊದಲು ನನ್ನ ಹತ್ತಿರ ಬಂದಿದ್ದರು. ನೀನಾಗ ಎರಡನೇ ಪಿಯುಸಿ. ಬಸ್ ಸ್ಟ್ಯಾಂಡಿನಿಂದ ನಡೆದು ಬರುವಾಗ ಎದೆ ಹಿಡಿಯಿತು, ನಿಂತರೆ ಬಿಟ್ಟಿತು ಅಂದರು. ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ನನ್ನ ಕೋಣೆಯ ಮಂಚದ ಮೇಲೆ ಮಲಗಿಸಿದೆ. ಅಂಗಿ ಗುಂಡಿ ಬಿಚ್ಚಿದರು. ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆ ಸರಿಯಾಗಿ ಇಸಿಜಿಯ ರಬ್ಬರ್ ಬಲ್ಬ್ ಕೂರಿಸುವ ಜಾಗದಲ್ಲೇ ಇತ್ತು. ಶಿವದಾರ ಸಮೇತ ಎತ್ತಿ ಭುಜದ ಮೇಲಿಟ್ಟೆ, ಅವರು ಕರಡಿಗೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡರು. ಜೆಲ್ಲಿ ಹಚ್ಚಿ ಆರು ರಬ್ಬರ್ ಬಲ್ಬ್ ಎದೆಗೆ ಕಚ್ಚಿಸಿದೆ, ಕೈಕಾಲಿಗೆ ನಾಲ್ಕು ಕ್ಲಿಪ್. ಗುಲಾಬಿ ಕಾಗದ ಸರಸರ ಹೊರಗೆ ಬಂತು. ಗೆರೆ ಅಚ್ಚುಕಟ್ಟಾಗಿತ್ತು. ಏರಬಾರದ ಕಡೆ ಏರಿಲ್ಲ, ಇಳಿಯಬಾರದ ಕಡೆ ಇಳಿದಿಲ್ಲ. "ಏನೂ ಇಲ್ಲ ಭಾವ, ಗ್ಯಾಸು" ಅಂದೆ. ಡಾಕ್ಟರಿಗೆ ತೋರಿಸಲೂ ಇಲ್ಲ. ಅವರು ಎದೆ ಮೇಲಿನ ಜೆಲ್ಲಿ ಒರೆಸಿಕೊಂಡು ನಕ್ಕರು. ಬಲ್ಬಿನ ದುಂಡನೆ ಕೆಂಪು ಗುರುತು ಆರು ಎದೆ ಮೇಲೆ ಹಾಗೇ ಇದ್ದವು. ಇಬ್ಬರೂ ಹೋಗಿ ಬೆಣ್ಣೆ ದೋಸೆ ತಿಂದೆವು.

ಆಮೇಲಿನದು ನಿನಗೆ ಗೊತ್ತು. ಬೆಳಗಿನ ಜಾವ ಬೆವರಿದರು, ಬೆಳಕಾಗಲಿ ಅಂತ ಕಾದರು, ಬೆಳಕು ಕಾಣಲಿಲ್ಲ. 52 ವರ್ಷ.

ಮಲಗಿದವನ ಇಸಿಜಿ ಮಲಗಿರುವ ಹೃದಯದ ಸುದ್ದಿ ಮಾತ್ರ ಹೇಳುತ್ತದೆ, ಅದೂ ಆ ಹತ್ತಾರು ಸೆಕೆಂಡಿನದು. ಆಂಜೈನಾ ಇರುವ ಎಷ್ಟೋ ಜನರ ಇಸಿಜಿ ನೋವಿಲ್ಲದಾಗ ನಾರ್ಮಲ್ ಬರುತ್ತದೆ. ಇದು ನನಗೆ ಆಗಲೂ ಗೊತ್ತಿತ್ತು. ಈ ಯಂತ್ರ ಕಟ್ಟಿದ ಐಂತೋವನ್ ಅನ್ನುವ ಡಚ್ ವಿಜ್ಞಾನಿ, ಜನರ ಕೈಕಾಲನ್ನು ಉಪ್ಪುನೀರಿನಲ್ಲಿ ಅದ್ದಿಸಿ ಈ ಗೆರೆ ತೆಗೆದವರು. 1924ರಲ್ಲಿ ಅದಕ್ಕೇ ನೊಬೆಲ್ ಬಂತು. ಆ ಗೆರೆಯ ಮೇಲೆ ನನಗೆ ಎಷ್ಟು ಭಕ್ತಿ ಇತ್ತೆಂದರೆ, ಎದುರಿಗೆ ಮಲಗಿದ್ದ ಮನುಷ್ಯ ಬಾಯಿಬಿಟ್ಟು ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಆದ್ದರಿಂದ ನೀನು ದುರ್ಗದಲ್ಲೇ ಒಂದು ಇಸಿಜಿ ತೆಗೆಸಿ, "ನಾರ್ಮಲ್ ಮಾವ" ಅಂತ ಫೋಟೋ ಕಳಿಸಿ ಕೈ ತೊಳೆದುಕೊಳ್ಳಬೇಡ. ನಾನು ಒಪ್ಪುವುದಿಲ್ಲ. ತಂದೆಗೆ 55ರ ಒಳಗೆ ಹೃದಯದ ತೊಂದರೆ ಬಂದಿದ್ದರೆ ಮಕ್ಕಳಿಗೆ ಅಪಾಯ ಜಾಸ್ತಿ. ಅದನ್ನು ಡಾಕ್ಟರಿಗೆ ಮೊದಲ ಮಾತಲ್ಲೇ ಹೇಳು.

ಹಾರ್ಟ್ ಅಟ್ಯಾಕ್ ಅಂದರೆ ಪೈಪಿನಲ್ಲಿ ಹೂಳು ತುಂಬುತ್ತಾ ತುಂಬುತ್ತಾ ಒಂದು ದಿನ ಪೂರ್ತಿ ಕಟ್ಟುವುದು ಅಂತ ಜನ ತಿಳಿದಿದ್ದಾರೆ. ಬಹಳ ಸಲ ಹಾಗಾಗುವುದಿಲ್ಲ. ಕೊಬ್ಬಿನ ಗಡ್ಡೆಯ ಮೇಲೆ ತೆಳು ಪೊರೆ ಇರುತ್ತದೆ. ಅದು ಬಿರಿದರೆ ರಕ್ತ ಅದನ್ನು ಗಾಯ ಅಂದುಕೊಂಡು ಹೆಪ್ಪುಗಟ್ಟುತ್ತದೆ. ನಿಮಿಷಗಳಲ್ಲಿ ನಾಳ ಬಂದ್. ನಿನ್ನೆ ಅರ್ಧ ಮಾತ್ರ ಮುಚ್ಚಿದ್ದ ನಾಳವೂ ಹೀಗೆ ಇವತ್ತು ಕಟ್ಟಬಹುದು. ಅರ್ಧ ಗಂಟೆ ಆಗುವ ಹೊತ್ತಿಗೆ ಅದರ ಪಾಲಿನ ಮಾಂಸ ಸಾಯಲು ಶುರುವಾಗುತ್ತದೆ, ಗಂಟೆ ಗಂಟೆಗೂ ಹಬ್ಬುತ್ತದೆ. ಸತ್ತ ಮಾಂಸ ಮತ್ತೆ ಚಿಗುರುವುದಿಲ್ಲ, ಕಲೆಯಾಗಿ ಉಳಿಯುತ್ತದೆ. ಬದುಕಿದವರಿಗೂ ಆಮೇಲೆ ಪಂಪಿನ ಬಲ ಕುಗ್ಗಿ ಕಾಲು ಊದುವುದು, ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು ಬರಬಹುದು. ಅದು ಹಾರ್ಟ್ ಫೇಲ್ಯೂರ್. ಹೆಸರು ಕೇಳಿದರೆ ಹೃದಯ ನಿಂತಿತು ಅನ್ನಿಸುತ್ತದೆ. ನಿಂತಿರುವುದಿಲ್ಲ, ಸೋತಿರುತ್ತದೆ.

ಆದ್ದರಿಂದ ಇದನ್ನು ಮನೆಯವರೆಲ್ಲರ ಮುಂದೆ ಓದು. ಕೂತಾಗಲೂ ಎದೆ ಹಿಡಿದರೆ, ಹದಿನೈದು ನಿಮಿಷವಾದರೂ ಬಿಡದಿದ್ದರೆ, ಎಡಗೈಗೋ ದವಡೆಗೋ ಬೆನ್ನಿಗೋ ಎಳೆದರೆ, ತಣ್ಣನೆ ಬೆವರು ಬಂದರೆ, ಇದರಲ್ಲಿ ಯಾವುದೇ ಒಂದಾದರೂ ಬೆಳಕಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ನೀನು ಬೈಕ್ ಹತ್ತಬೇಡ, ನಡೆಯಲೂ ಬೇಡ. ಆಸ್ಪಿರಿನ್ ಆಗದವರಲ್ಲ, ರಕ್ತ ಹೋಗುವ ಕಾಯಿಲೆ ಇಲ್ಲ ಅಂತಾದರೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಬೇಕು. ನಿನಗೆ ಅದು ಆಗುತ್ತದೋ ಇಲ್ಲವೋ ಮಂಗಳವಾರ ಡಾಕ್ಟರನ್ನೇ ಕೇಳೋಣ. ನಿಮ್ಮಪ್ಪನ ಕಾಲದಲ್ಲಿ ಇಲ್ಲದ ಒಂದು ಅನುಕೂಲ ಈಗ ಇದೆ. ಪುನೀತ್ ರಾಜ್‌ಕುಮಾರ್ 2021ರಲ್ಲಿ 46ನೇ ವಯಸ್ಸಿಗೆ ಹೋದ ಮೇಲೆ ಸರ್ಕಾರ ಅವರ ಹೆಸರಲ್ಲಿ ಹೃದಯ ಜ್ಯೋತಿ ಯೋಜನೆ ಮಾಡಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ಹೃದಯ ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತ. ಎಷ್ಟು ಬೇಗ ಹೋದರೆ ಅಷ್ಟು ಮಾಂಸ ಉಳಿಯುತ್ತದೆ.

ಅಕ್ಕನ ಮೇಲೂ ಕಣ್ಣಿಡು. ಅವಳಿಗೆ ಸಕ್ಕರೆ ಕಾಯಿಲೆ ಇದೆ. ಬಹಳ ವರ್ಷ ಸಕ್ಕರೆ ಇದ್ದವರಿಗೆ ನರ ಮಂದವಾಗಿ ಎದೆನೋವೇ ಕಾಣಿಸದಿರಬಹುದು. ಸುಮ್ನೆ ಸುಸ್ತು, ಉಬ್ಬಸ, ವಾಂತಿ ಬಂದ ಹಾಗೆ ಅಂದರೂ ಲಘುವಾಗಿ ತಗೋಬೇಡ. ಇನ್ನು ನಿನ್ನ ಮಗಳಿಗೆ ಪದೇ ಪದೇ ಗಂಟಲು ನೋವು ಬರುತ್ತದಲ್ಲ, ಅದಕ್ಕೆ ಡಾಕ್ಟರು ಕೊಟ್ಟ ಮಾತ್ರೆ ಅರ್ಧಕ್ಕೆ ನಿಲ್ಲಿಸಬೇಡಿ. ಒಂದು ಜಾತಿಯ ಗಂಟಲ ಸೋಂಕು ಸರಿಯಾಗಿ ವಾಸಿಯಾಗದಿದ್ದರೆ ಕೀಲುಜ್ವರ ತಂದು, ಹೃದಯದ ವಾಲ್ವ್ ಕೆಡಿಸಬಹುದು. 5ರಿಂದ 15 ವಯಸ್ಸಿನ ಮಕ್ಕಳಿಗೇ ಅದು ಜಾಸ್ತಿ. ಹಳ್ಳಿ ಕಡೆಯಿಂದ ಬರುತ್ತಿದ್ದ ಎಳೆ ಬಸುರಿ ಹೆಣ್ಣುಮಕ್ಕಳು, ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತಾ ನನ್ನ ಮಂಚ ಹತ್ತಲಾರದೆ ನಿಂತವರು ಇನ್ನೂ ಕಣ್ಣ ಮುಂದಿದ್ದಾರೆ. ಚಿಕ್ಕಂದಿನ ಗಂಟಲು ನೋವು ಅವರಿಗೆ ನೆನಪೂ ಇರುತ್ತಿರಲಿಲ್ಲ.

ನಿನ್ನ ಭಯ ಏನಂತ ನನಗೆ ಗೊತ್ತು. ಹೋದರೆ ಸ್ಟೆಂಟ್, ಅಂದರೆ ಮುಚ್ಚಿದ ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ, ಹಾಕಿಯೇ ಕಳಿಸುತ್ತಾರೆ, ಲಕ್ಷಗಟ್ಟಲೆ ಆಗುತ್ತದೆ ಅಂತ. ಅಟ್ಯಾಕ್ ಆದಾಗ ಸ್ಟೆಂಟ್ ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತುವಾಗ ಮಾತ್ರ ಬರುವ ನೋವಿಗೆ ಎಲ್ಲರಿಗೂ ಬೇಕಾಗುವುದಿಲ್ಲ. ಎಷ್ಟೋ ಜನ ಮಾತ್ರೆಯಲ್ಲೇ ಹತೋಟಿಯಲ್ಲಿರುತ್ತಾರೆ. ಡಾಕ್ಟರು ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಬಹುದು, ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡಬಹುದು, ಬೇಕಾದರೆ ಮಣಿಕಟ್ಟಿನ ನಾಳದಿಂದ ಬಣ್ಣದ ಔಷಧ ಬಿಟ್ಟು ಹೃದಯದ ನಾಳಗಳ ಎಕ್ಸ್‌ರೇ ತೆಗೆಯುವ ಆಂಜಿಯೋಗ್ರಾಂ. ಪ್ರತಿಯೊಂದಕ್ಕೂ ಯಾಕೆ, ಮಾಡದಿದ್ದರೆ ಏನು ಅಂತ ನಾನು ಪಕ್ಕದಲ್ಲಿ ಕೂತು ಕೇಳುತ್ತೇನೆ.

ಬಿಪಿ ಮಾತ್ರೆ ಆರು ತಿಂಗಳಿಂದ ಬಿಟ್ಟಿದ್ದೀಯ ಅಂತಲೂ ಅಕ್ಕ ಹೇಳಿದಳು. ತಲೆನೋವು ಹೋಯಿತು ಅಂತ ಬಿಟ್ಟೆಯಂತೆ. ಬಿಪಿಗೂ ತಲೆನೋವಿಗೂ ಸಂಬಂಧ ಕಟ್ಟಬೇಡ. ಅದು ಸದ್ದಿಲ್ಲದೆ ನಾಳದ ಗೋಡೆ ಕೆಡಿಸುತ್ತದೆ. ಟೀ ಜೊತೆಯ ಸಿಗರೇಟು ಇವತ್ತೇ ಬಿಡು. ಬಿಟ್ಟ ಒಂದು ವರ್ಷಕ್ಕೆ ಅದರಿಂದ ಬಂದ ಹೃದಯದ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇಷ್ಟು ಬೇಗ ಫಲ ಕೊಡುವ ಔಷಧ ನಾನು ನೋಡಿಲ್ಲ. ಊಟದ ವಿಷಯ ಆಮೇಲೆ ಮಾತಾಡೋಣ.

ಮಂಗಳವಾರ ಬೆಳಗ್ಗೆ ಮೊದಲ ಬಸ್ಸಿಗೆ ಬಾ. ಒಬ್ಬನೇ ಬರಬೇಡ, ಹೆಂಡತಿಯನ್ನು ಕರೆದುಕೊಂಡು ಬಾ. ನೀರು ಬಿಟ್ಟು ಏನೂ ತಿನ್ನಬೇಡ, ಸಕ್ಕರೆ, ಕೊಲೆಸ್ಟ್ರಾಲ್ ನೋಡಲು ಖಾಲಿ ಹೊಟ್ಟೆ ಬೇಕಾಗಬಹುದು. ಹಳೆಯ ಬಿಪಿ ಚೀಟಿಗಳಿದ್ದರೆ ತಗೊಂಡು ಬಾ. ಅಲ್ಲಿವರೆಗೆ ಮೋಟರು ಎತ್ತಬೇಡ, ಮಹಡಿ ಹತ್ತಬೇಡ. ನಡುವೆ ಮತ್ತೆ ಎದೆ ಹಿಡಿದರೆ ಮಂಗಳವಾರವನ್ನೂ ಕಾಯದೆ ಅಲ್ಲೇ ಆಸ್ಪತ್ರೆಗೆ ಹೋಗಿ, ಅಲ್ಲಿಂದ ನನಗೆ ಫೋನ್ ಮಾಡು.

ಬಸ್ ಸ್ಟ್ಯಾಂಡಿಗೆ ನಾನೇ ಆಟೋ ತಂದಿರುತ್ತೇನೆ. ನಮ್ಮ ಮನೆವರೆಗೆ ನೀನು ನಡೆಯುವುದು ಬೇಡ.

ನಿನ್ನ ಮಾವ