ಆಯಿಯ ಮುಖ, ಕ್ಯಾಲೆಂಡರಿನ ಲಕ್ಷ್ಮಿ

ಕಲಬುರಗಿ

ಚಿರಂಜೀವಿ ಮಗಳಿಗೆ ಕಾಕಾನ ಆಶೀರ್ವಾದಗಳು.

ನಿನ್ನ ಪತ್ರದ ಉಳಿದ ಸುದ್ದಿಯೆಲ್ಲ ಸಂತೋಷದ್ದೇ. ಆದರೆ ಕೊನೆಗೆ ಬರೆದ ಒಂದು ಮಾತು ನನ್ನ ನಿದ್ದೆ ಕೆಡಿಸಿತು. ಆಯಿಯನ್ನು ನೆನೆದು ಕ್ಯಾನ್ವಾಸಿನ ಮುಂದೆ ಕುಳಿತರೆ ಕ್ಯಾಲೆಂಡರಿನ ಲಕ್ಷ್ಮಿಯ ಮುಖವೇ ಮೂಡುತ್ತದೆ, ಹಾಗಾದರೆ ನನ್ನ ನೆನಪು ನನ್ನದೇ ಅಲ್ಲವೇನೋ ಎಂದು ಕೇಳಿರುವೆ.

ನನ್ನ ಅವ್ವ, ಅಂದರೆ ನಿನ್ನ ಆಯಿ, ದಿನವೂ ಸ್ನಾನ ಮುಗಿಸಿ ಬಂದು ಆ ಲಕ್ಷ್ಮಿಯ ಹಣೆಗೆ ಕುಂಕುಮ ಹಚ್ಚುತ್ತಿದ್ದುದರಿಂದ ಕಾಗದವು ಆ ಜಾಗದಲ್ಲಿ ಗಟ್ಟಿಯಾಗಿ, ಕಪ್ಪಗಾಗಿ, ಬೆರಳಿಗೆ ತಾಕುವಷ್ಟು ಉಬ್ಬಿಕೊಂಡಿತ್ತು. ವರ್ಷ ಮುಗಿದರೂ ತಾರೀಖಿನ ಹಾಳೆಗಳನ್ನಷ್ಟೇ ಹರಿದು ಚಿತ್ರವನ್ನು ಗೋಡೆಯ ಮೇಲೆಯೇ ಉಳಿಸಿಕೊಳ್ಳುತ್ತಿದ್ದಳು. ಅವಳ ಫೋಟೋದಲ್ಲಿಯೂ ಬೆನ್ನ ಹಿಂದೆ ಸ್ಟುಡಿಯೋದವರ ಬಣ್ಣದ ಪರದೆಯ ಉದ್ಯಾನವಿದೆ, ಕೆನ್ನೆಯ ಮೇಲೆ ತಿದ್ದಿದ ಬಿಳುಪಿದೆ. ಎರಡು ಮುಖಗಳು ನಿನ್ನಲ್ಲಿ ಬೆರೆತಿದ್ದರೆ, ಬೆರೆಸಿದವಳು ಅವಳೇ ಎಂದು ನನಗೆ ತೋರುತ್ತದೆ.

ನಮ್ಮೂರಿನಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮುಂಬೈಯಲ್ಲಿ ಸಿನಿಮಾ ಪೋಸ್ಟರುಗಳನ್ನೂ ಕ್ಯಾಲೆಂಡರಿನ ದೇವರುಗಳನ್ನೂ ಅದೇ ಕುಂಚದಿಂದ ಬರೆದವರು; ಅವರ ದೇವತೆಗಳಲ್ಲಿ ತೆರೆಯ ನಟಿಯರ ಹೊಳಪು ನನಗಂತೂ ಕಾಣುತ್ತದೆ. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ರವಿವರ್ಮರ ಅಚ್ಚಿನ ಲಕ್ಷ್ಮಿಯ ವೇಷವನ್ನು ತಾವೇ ತೊಟ್ಟು ಕ್ಯಾಮೆರಾದ ಮುಂದೆ ನಿಂತರು. ನೀನು ಹೆದರುತ್ತಿರುವುದನ್ನೇ ಅವರು ಬೇಕೆಂದು ಮಾಡಿದರಲ್ಲವೇ?

ನಾನು ಟಾಕೀಜಿನ ಬ್ಯಾನರ್ ಬರೆಯುತ್ತಿದ್ದಾಗ ನನ್ನ ಭಯ ಇದರ ತಿರುಗುಮುರುಗಾಗಿತ್ತು. ಸ್ಟಿಲ್ ಫೋಟೋದ ಮೇಲೆ ಚೌಕ ಎಳೆದು, ಬಟ್ಟೆಯ ಮೇಲೂ ಚೌಕ ಹೊಡೆದು, ದೂರಕ್ಕೆ ಎದ್ದು ಕಾಣಲೆಂದು ಕೆನ್ನೆಯ ನೆರಳಿಗೆ ನೀಲಿ, ಹಸಿರು ತುಂಬುತ್ತಿದ್ದೆ. ಹುಬ್ಬಿಗೆ ಬಂದಾಗ ಮಾತ್ರ ಕೈಯು ಸ್ಟಿಲ್ಲನ್ನು ಬಿಟ್ಟು ಅವ್ವನ ಹುಬ್ಬನ್ನೇ ಎಳೆಯುತ್ತಿತ್ತು, ಮ್ಯಾನೇಜರು 'ಈಕಿ ನಮ್ಮ ಓಣಿಯಾಕಿ ಹಂಗ ಕಾಣಸ್ತಾಳ' ಎಂದು ಗೊಣಗುತ್ತಿದ್ದರು. ಸಿನಿಮಾ ಬದಲಾದರೆ ಅದೇ ಬಟ್ಟೆಗೆ ಬಿಳಿ ಬಳಿದು ಮುಂದಿನದನ್ನು ಬರೆಯುತ್ತಿದ್ದೆವು. ಫ್ಲೆಕ್ಸ್ ಬಂದ ಮೇಲೆ ಅದೂ ನಿಂತಿತು. ಆ ಹುಬ್ಬುಗಳಲ್ಲಿ ಒಂದೂ ಇಂದು ಉಳಿದಿಲ್ಲವೆಂಬ ಕೊರಗು ನನಗೆ ಇನ್ನೂ ಹೋಗಿಲ್ಲ. ನೆನಪು ನನ್ನದೇ ಅಲ್ಲವೇನೋ ಎಂಬ ನಿನ್ನ ಮಾತನ್ನು ಓದಿದಾಗ ಅದೇ ಕೊರಗು ಮತ್ತೆ ಎದ್ದಿತು.

ಕಲಾಶಾಲೆಯ ಮೆಟ್ಟಿಲು ಹತ್ತದ ನಾನು ನಿನಗೆ ಹೇಳುವುದು ಅಧಿಕಪ್ರಸಂಗವೇ ಸರಿ. ಆದರೂ ಆ ಕ್ಯಾನ್ವಾಸನ್ನು ಕೆರೆದು ಹಾಕಬೇಡ. ಮುಖವನ್ನು ಕೆಲವು ದಿನ ಹಾಗೆಯೇ ಬಿಟ್ಟು ಕೈಗಳನ್ನು ಬರೆದು ನೋಡಬಹುದೇನೋ. ರೊಟ್ಟಿ ಬಡಿದು ಬಡಿದು ಅಗಲವಾದ ಅವಳ ಅಂಗೈ ಯಾವ ಕ್ಯಾಲೆಂಡರಿನಲ್ಲಿಯೂ ಸಿಗುವುದಿಲ್ಲ. ಲಕ್ಷ್ಮಿಯಾಗಿಯೇ ಬರುತ್ತಾಳೆಂದರೆ ಬರಲಿ, ಹಣೆಯ ಮೇಲಿನ ಆ ಉಬ್ಬನ್ನು ಮಾತ್ರ ಬಣ್ಣ ದಪ್ಪವಾಗಿ ಹಚ್ಚಿ ತೋರಿಸು. ಇದು ನಿನಗೆ ಮೊದಲೇ ಹೊಳೆದಿದ್ದರೆ ಮುದುಕನ ಮಾತೆಂದು ಬಿಟ್ಟುಬಿಡು.

ಫೋಟೋ ಆಳಂದದಲ್ಲಿ ನಿನ್ನ ಅತ್ತೆಯ ಬಳಿ ಇದೆ. ಶರಣಬಸವೇಶ್ವರರ ಜಾತ್ರೆಗೆ ಬರುವಾಗ ತರಲು ಹೇಳಿದ್ದೇನೆ. ಅಂಚೆಗೆ ಹಾಕಲು ನನಗೆ ಧೈರ್ಯವಿಲ್ಲ, ರಜೆ ಹಾಕಿ ನೀನೇ ಬಂದು ನೋಡು.

ಇತಿ,
ನಿನ್ನ ಕಾಕಾ