ಹಳೆಯ ಮೋಟಾರು ಏಜೆನ್ಸಿಗಳ ಕಟ್ಟಡಗಳನ್ನು ಗುರುತಿಸಿ ದಾಖಲಿಸಬೇಕು

ಮಾನ್ಯ ಸಂಪಾದಕರೇ,

ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಾಗಿ ಅಗಲಗೊಳ್ಳುವಾಗ ಇಕ್ಕೆಲಗಳ ಹಳೆಯ ಕಟ್ಟಡಗಳು ಒಂದೊಂದಾಗಿ ನೆಲಸಮವಾದುದನ್ನು ಕಾಸರಗೋಡಿನವರೆಲ್ಲ ಕಂಡಿದ್ದೇವೆ. ರಸ್ತೆ ಬೇಕಿತ್ತು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹಾಗೆ ಉರುಳಿದವುಗಳಲ್ಲೂ ಪೇಟೆಯ ಒಳರಸ್ತೆಗಳಲ್ಲಿ ಇನ್ನೂ ಉಳಿದಿರುವವುಗಳಲ್ಲೂ ಒಂದು ಬಗೆಯ ಕಟ್ಟಡಗಳನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ. ಸ್ವಾತಂತ್ರ್ಯಕ್ಕೆ ಮೊದಲು ಮತ್ತು ಅದರ ಆಸುಪಾಸಿನ ವರ್ಷಗಳಲ್ಲಿ ಮೋಟಾರು ಕಾರುಗಳನ್ನು ಮಾರಲೆಂದೇ ಕಟ್ಟಿಸಿದ, ಅಥವಾ ಅದಕ್ಕಾಗಿ ಮಾರ್ಪಡಿಸಿದ, ಏಜೆನ್ಸಿಗಳ ಕಟ್ಟಡಗಳವು. ಕೋಟೆ, ದೇವಸ್ಥಾನ, ಗುತ್ತಿನ ಮನೆಗಳ ಕುರಿತು ಬರೆಯುವವರಿದ್ದಾರೆ. ಇವುಗಳ ಕುರಿತು ಬರೆದವರು ನನ್ನ ಕಣ್ಣಿಗೆ ಬಿದ್ದಿಲ್ಲ.

ನನಗೆ ಈ ಆಸಕ್ತಿ ಹುಟ್ಟಿದ್ದು ಒಂದು ರಸೀದಿಯಿಂದ. ನಮ್ಮ ಅಜ್ಜ 1938ರಲ್ಲಿ ಮಂಗಳೂರಿನಿಂದ ಒಂದು ಷೆವ್ರೊಲೆ ಕಾರು ಕೊಂಡಿದ್ದರು. ಹೊಳೆ ದಾಟಿಸಲು ಎರಡು ದೋಣಿಗಳನ್ನು ಜೋಡಿಸಿದ ಜಂಗಾಲಿನ ಮೇಲೆ ಅದನ್ನು ಏರಿಸಿದ್ದರೆಂದು ಮನೆಯಲ್ಲಿ ಹೇಳುತ್ತಿದ್ದರು. ಕಾರು ಯಾವಾಗಲೋ ಗುಜರಿಗೆ ಹೋಯಿತು. ನಾಲ್ಕು ವರ್ಷಗಳ ಹಿಂದೆ ಅಟ್ಟದ ಪೆಟ್ಟಿಗೆಯಲ್ಲಿ ಜಮೀನಿನ ದಸ್ತಾವೇಜುಗಳ ನಡುವೆ ಅದರ ರಸೀದಿ ಸಿಕ್ಕಿತು. ಅದರ ತಲೆಬರಹದಲ್ಲಿದ್ದ ಬೀದಿಯ ಹೆಸರನ್ನು ಹಿಡಿದು ಹುಡುಕುತ್ತ ಹೋದಾಗ, ಈಗ ಬಟ್ಟೆ ವ್ಯಾಪಾರಿಯೊಬ್ಬರ ಗೋದಾಮಾಗಿರುವ ಕಟ್ಟಡದ ಮುಂಗೋಡೆಯಲ್ಲಿ, ಸುಣ್ಣದ ಹಲವು ಪದರಗಳ ಅಡಿಯಿಂದ, ಗಾರೆಯಲ್ಲಿ ಉಬ್ಬಿಸಿ ಬರೆದಿದ್ದ ‘ಮೋಟಾರ್’ ಎಂಬ ಪದದ ಮೊದಲ ಎರಡು ಅಕ್ಷರಗಳು ಇಣುಕುತ್ತಿದ್ದವು. ಅಷ್ಟು ಸಾಕಾಯಿತು. ಅಂದಿನಿಂದ ಬಿಡುವಿದ್ದಾಗಲೆಲ್ಲ ಉಪ್ಪಳದಿಂದ ಕಾಸರಗೋಡಿನವರೆಗೆ ಇಂಥ ಕಟ್ಟಡಗಳನ್ನು ಹುಡುಕುತ್ತಿದ್ದೇನೆ. ಒಂದು ಕಡೆಯಂತೂ ನಾನು ಕ್ಯಾಮರಾ ಹಿಡಿದು ತಲಪುವ ಹದಿನೈದು ದಿನ ಮೊದಲು ಜೆಸಿಬಿ ತಲಪಿತ್ತು. ಅಲ್ಲಿ ಉಳಿದಿದ್ದು ಮುರಕಲ್ಲಿನ ರಾಶಿ ಮಾತ್ರ.

ಈ ಏಜೆನ್ಸಿಗಳು ಇಷ್ಟು ಪೂರ್ತಿಯಾಗಿ ಮರೆತುಹೋಗಲು ಕಾರಣವಿದೆ. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯ ಶಿವ್ಡಿಯಲ್ಲಿ ಬಿಡಿಭಾಗಗಳನ್ನು ತರಿಸಿ ಕಾರು ಜೋಡಿಸಲು ಆರಂಭಿಸಿತು. ಫೋರ್ಡ್ ಕೂಡ ಅದೇ ದಾರಿ ಹಿಡಿಯಿತು. ಊರೂರಿನ ಏಜೆಂಟರು ಮಾರುತ್ತಿದ್ದ ಅಮೆರಿಕದ ಕಾರುಗಳು ಹೆಚ್ಚಾಗಿ ಹೀಗೆ ಬಂದವು. 1953ರಲ್ಲಿ ಕೇಂದ್ರ ಸರಕಾರಕ್ಕೆ ಸುಂಕ ಮತ್ತು ಉದ್ಯಮಗಳ ಕುರಿತು ಸಲಹೆ ನೀಡುತ್ತಿದ್ದ ಟಾರಿಫ್ ಕಮಿಷನ್, ಇಲ್ಲಿಯೇ ತಯಾರಿಸುವ ಯೋಜನೆ ಇಲ್ಲದೆ ಬರೀ ಜೋಡಿಸುವ ಕಂಪೆನಿಗಳು ಮುಂದುವರಿಯಬಾರದೆಂದು ಶಿಫಾರಸು ಮಾಡಿದ ಮೇಲೆ ಎರಡೂ ಕಂಪೆನಿಗಳು ಬಾಗಿಲು ಹಾಕಿದವು. ಅವುಗಳನ್ನೇ ನಂಬಿದ್ದ ಏಜೆಂಟರ ಕೈಯಲ್ಲಿ ಮಾರಲು ಸರಕೇ ಉಳಿಯಲಿಲ್ಲ. ಬಳಿಕ ಬಂದ ಅಂಬಾಸಡರ್, ಫಿಯಟ್‌ಗಳಿಗಾದರೋ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಗಿರಾಕಿಯೇ ಕಾಯುತ್ತ ನಿಂತಿರುವಾಗ ಗಾಜಿನ ಹಿಂದೆ ಕಾರು ನಿಲ್ಲಿಸಿ ಆಸೆ ಹುಟ್ಟಿಸುವ ಅಗತ್ಯವಾದರೂ ಏನು? ಹಾಗಾಗಿ ಆ ವಿಶಾಲವಾದ ಕಟ್ಟಡಗಳು ಗೋದಾಮು, ಸಹಕಾರಿ ಸಂಘದ ಮಳಿಗೆ, ಮದುವೆ ಹಾಲ್ ಎಂದೆಲ್ಲ ಬದಲಾದವು.

ಗುರುತಿಸುವುದು ಹೇಗೆಂದು ಕೇಳುವವರಿಗಾಗಿ ನನ್ನ ಅನುಭವವನ್ನು ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ. ಮೊದಲು ನೋಡಬೇಕಾದುದು ಬೀದಿಗೆ ತೆರೆದುಕೊಂಡ ಮುಖವನ್ನು. ನಮ್ಮ ಪೇಟೆಯ ಹಳೆಯ ಅಂಗಡಿಗಳಿಗೆ ಎತ್ತರದ ಜಗಲಿ, ಅದಕ್ಕೆ ಮೆಟ್ಟಿಲು, ಒಂದೊಂದೇ ತೆಗೆದಿಡುವ ಹಲಗೆಯ ಬಾಗಿಲು ಇರುತ್ತವೆ. ಕಾರು ಮೆಟ್ಟಿಲು ಹತ್ತಲಾರದು. ಆದ್ದರಿಂದ ಏಜೆನ್ಸಿಯ ಕಟ್ಟಡಕ್ಕೆ ಜಗಲಿಯ ಬದಲು ರಸ್ತೆಯಿಂದ ಮೇಲೇರುವ ಇಳಿಜಾರು ಇರುತ್ತದೆ, ಬಾಗಿಲು ಕಾರೊಂದು ಸಲೀಸಾಗಿ ನುಗ್ಗುವಷ್ಟು ಅಗಲವಿರುತ್ತದೆ, ಒಳಗೆ ಕಾರು ತಿರುಗಿಸಲು ಅಡ್ಡಿಯಾಗುವ ನಡುಗಂಬ ಇರುವುದಿಲ್ಲ. ಕಂಬವಿಲ್ಲದೆ ಮೇಲಿನ ಭಾರ ಹೊರುವುದಕ್ಕೆ ಕಬ್ಬಿಣದ ಗರ್ಡರು ಬೇಕು. ಆ ಗರ್ಡರಿನ ಪಕ್ಕೆಯನ್ನು ಒಣಬಟ್ಟೆಯಿಂದ ಒರೆಸಿ ನೋಡಿದರೆ ಎಷ್ಟೋ ಸಲ ತಯಾರಕರ ಹೆಸರು ಎದ್ದುಬರುತ್ತದೆ. ಇಂಗ್ಲೆಂಡಿನ ಡಾರ್ಮನ್ ಲಾಂಗ್ ಅಥವಾ ನಮ್ಮ ಟಾಟಾ ಹೆಸರು ಕಂಡರೆ ಅದರ ಫೋಟೊ ತೆಗೆದಿಟ್ಟುಕೊಳ್ಳಬೇಕು. ಹಂಚಿನ ಅಡಿಯಲ್ಲೂ ಕಾರ್ಖಾನೆಯ ಹೆಸರಿರುತ್ತದೆ, ಆದರೆ ಪ್ರತಿ ಮಳೆಗಾಲದ ಮೊದಲು ಒಡೆದ ಹಂಚು ಬದಲಾಯಿಸುವ ನಮ್ಮಲ್ಲಿ ಅದನ್ನು ಹೆಚ್ಚು ನಂಬುವಂತಿಲ್ಲ. ಹಿತ್ತಿಲ ಕಡೆಗೆ ಹೋದರೆ ಕಾರಿನ ಅಡಿಭಾಗ ರಿಪೇರಿ ಮಾಡಲು ತೋಡಿದ್ದ ಉದ್ದನೆಯ ಹೊಂಡವನ್ನು ಹುಡುಕಬೇಕು. ಬಹಳ ಕಡೆ ಅದನ್ನು ಮುಚ್ಚಿ ಸಿಮೆಂಟು ಹಾಕಿರುತ್ತಾರೆ, ಆದರೂ ತೇಪೆಯ ಆಕಾರ ಸುಳ್ಳು ಹೇಳುವುದಿಲ್ಲ. ಬಸ್ಸು, ಲಾರಿಗಳು ಆಗ ಬರೀ ಚಾಸಿಯಾಗಿ ಬಂದು ಇಲ್ಲಿಯ ಬಡಗಿಗಳಿಂದ ಮರದ ಬಾಡಿ ಕಟ್ಟಿಸಿಕೊಳ್ಳುತ್ತಿದ್ದವಾದ್ದರಿಂದ, ಅಂಥ ವ್ಯವಹಾರವಿದ್ದಲ್ಲಿ ಹಿಂದೆ ಎತ್ತರವಾದ ಒಂದು ಕೊಟ್ಟಿಗೆಯೂ ಇರಬಹುದು.

ಆದರೂ ಅವಸರ ಸಲ್ಲದು. ಅಡಿಕೆ ಮತ್ತು ಕೊಪ್ಪರದ ಗೋದಾಮುಗಳಿಗೂ ಬಸ್ಸು ಕಂಪೆನಿಗಳ ಶೆಡ್ಡುಗಳಿಗೂ ಅಗಲವಾದ ಬಾಗಿಲುಗಳಿದ್ದವು. ನಾನೇ ಒಂದು ಕಟ್ಟಡವನ್ನು ಏಜೆನ್ಸಿಯೆಂದು ನಂಬಿ ಆರು ತಿಂಗಳು ನಾಲ್ಕು ಜನರಿಗೆ ಹೇಳಿಕೊಂಡು ಬಂದ ಮೇಲೆ, ಅದು ಮೊದಲಿನಿಂದಲೂ ಅಡಿಕೆ ಮಂಡಿಯೆಂದು ಹಳೆಯ ಖಾತೆ ಪುಸ್ತಕವೊಂದರಿಂದ ತಿಳಿಯಿತು. ಕಟ್ಟಡದ ಲಕ್ಷಣದ ಜೊತೆಗೆ ಕನಿಷ್ಠ ಒಂದು ಕಾಗದದ ಸಾಕ್ಷ್ಯ ಸಿಗುವವರೆಗೆ ಯಾವುದನ್ನೂ ಏಜೆನ್ಸಿಯೆಂದು ಕರೆಯಬಾರದೆಂಬುದು ಈಗ ನಾನು ಪಾಲಿಸುವ ನಿಯಮ.

ಕಾಗದದ ಸಾಕ್ಷ್ಯದ ವಿಷಯಕ್ಕೆ ಬಂದರೆ ಗಡಿನಾಡ ಕನ್ನಡಿಗರ ಹೊಣೆ ಹೆಚ್ಚಿನದು. 1956ರ ನವೆಂಬರ್ 1ರವರೆಗೆ ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆ ಕಾಲದ ಕ್ರಯಪತ್ರ, ಬಾಡಿಗೆ ಚೀಟಿ, ಅಡವು ಪತ್ರಗಳಲ್ಲಿ ಎಷ್ಟೋ ಕನ್ನಡದಲ್ಲಿವೆ. ‘ಮೋಟಾರು ಶೆಡ್ಡು ಸಹಿತ’ ಎಂಬ ಒಂದು ಮಾತು ಚಕ್ಕುಬಂದಿಯ ವಿವರದ ನಡುವೆ ಸಿಕ್ಕಿದರೂ ಅದು ಅಮೂಲ್ಯ. ಆ ಕೈಬರಹವನ್ನು ಸರಾಗವಾಗಿ ಓದಬಲ್ಲವರು ನಮ್ಮ ಜಿಲ್ಲೆಯಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮಂಗಳೂರಿನ ಅಂದಿನ ಪತ್ರಿಕೆಗಳ ಜಾಹೀರಾತು ಪುಟಗಳನ್ನೂ ಇದೇ ಕಣ್ಣಿನಿಂದ ಓದಬೇಕು. ಸಿ.ಪಿ.ಸಿ. ಬಸ್ಸು ಕಂಪೆನಿಯನ್ನು ಬೆಳೆಸಿದ ವಿ.ಎಸ್. ಕುಡ್ವರೇ ‘ನವಭಾರತ’ ಪತ್ರಿಕೆಯನ್ನೂ ಆರಂಭಿಸಿದವರು ಎಂಬುದನ್ನು ನೆನೆದರೆ, ಮೋಟಾರಿಗೂ ಪತ್ರಿಕೆಗೂ ಈ ಕರಾವಳಿಯಲ್ಲಿದ್ದ ನಂಟು ಗೊತ್ತಾಗುತ್ತದೆ.

ಕಾನೂನಿನ ಆಸರೆ ಮಾತ್ರ ಈ ಕಟ್ಟಡಗಳಿಗೆ ಇಲ್ಲವೆಂದೇ ಹೇಳಬೇಕು. 50 ವರ್ಷ ದಾಟಿದ ಖಾಸಗಿ ಕಾರಿಗೆ ವಿಂಟೇಜ್ ವಾಹನವೆಂಬ ಮಾನ್ಯತೆಯನ್ನೂ ‘ವಿಎ’ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿಯನ್ನೂ ಕೇಂದ್ರ ಸರಕಾರ 2021ರಲ್ಲಿ ನೀಡಿತು. ಆ ಕಾರು ಮಾರಾಟವಾದ ಕಟ್ಟಡಕ್ಕಾದರೆ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿರಬೇಕು. ಅಜ್ಜ ಕಾರು ಕೊಂಡ ಕಾಲದ ಕಟ್ಟಡಗಳಿಗೆ ಇನ್ನೂ ಅಷ್ಟು ವಯಸ್ಸಾಗಿಲ್ಲ, ಆಗುವವರೆಗೆ ಅವು ಉಳಿಯುವುದೂ ಇಲ್ಲ. ಅಮೆರಿಕದ ಷಿಕಾಗೊದಲ್ಲಿ ಒಂದೇ ರಸ್ತೆಯಲ್ಲಿ ಸಾಲಾಗಿದ್ದ ಹಳೆಯ ಶೋರೂಮುಗಳ ಇಡೀ ಪ್ರದೇಶವನ್ನೇ ನಗರಾಡಳಿತ ರಕ್ಷಿತವೆಂದು ಘೋಷಿಸಿದೆ. ಡೇಟನ್ ಊರಿನಲ್ಲಿ ಪ್ಯಾಕರ್ಡ್ ಕಾರುಗಳ ಸಂಗ್ರಹಾಲಯ ಇರುವುದೇ ಅದರ ಹಳೆಯ ಏಜೆನ್ಸಿಯ ಕಟ್ಟಡದಲ್ಲಿ. ನಾನು ಅಷ್ಟನ್ನು ಕೇಳುತ್ತಿಲ್ಲ. ಮಾಲೀಕರಿಗೆ ತಮ್ಮ ಜಾಗದ ಮೇಲಿರುವ ಹಕ್ಕನ್ನು ಪ್ರಶ್ನಿಸುವ ಉದ್ದೇಶವೂ ನನಗಿಲ್ಲ. ಫೋಟೊ ತೆಗೆಯಲು ಬಿಟ್ಟರೆ ಕಟ್ಟಡ ಕೈತಪ್ಪುತ್ತದೆಂಬ ಭಯದಿಂದ ಇಬ್ಬರು ನನ್ನನ್ನು ಗೇಟಿನಿಂದಲೇ ಹಿಂದಕ್ಕೆ ಕಳಿಸಿದ್ದಾರೆ. ಕೆಡವುವ ಮೊದಲು ಅಳತೆ ತೆಗೆದು, ನಾಲ್ಕು ಫೋಟೊ ಹಿಡಿದು, ಅಲ್ಲಿ ಕೆಲಸ ಮಾಡಿದ್ದ ಮೆಕ್ಯಾನಿಕ್ಕುಗಳ ಮನೆಯವರು ಯಾರಾದರೂ ಇದ್ದರೆ ಅವರ ಮಾತನ್ನು ಬರೆದಿಟ್ಟುಕೊಳ್ಳಲು ಅವಕಾಶ ಕೊಡಿ ಎಂಬಷ್ಟೇ ನನ್ನ ವಿನಂತಿ.

ತಮ್ಮ ಪತ್ರಿಕೆಯ ಕಾಸರಗೋಡು ಆವೃತ್ತಿಯಲ್ಲಿ ವಾರಕ್ಕೊಮ್ಮೆ ಕಾಲು ಪುಟದಷ್ಟು ಜಾಗವನ್ನು, ಓದುಗರು ಕಳಿಸುವ ಹಳೆಯ ಮೋಟಾರು ರಸೀದಿ, ಏಜೆನ್ಸಿಯ ಕ್ಯಾಲೆಂಡರು, ಶೋರೂಮಿನ ಮುಂದೆ ನಿಂತು ತೆಗೆಸಿಕೊಂಡ ಫೋಟೊಗಳಿಗಾಗಿ ಕೆಲವು ತಿಂಗಳ ಮಟ್ಟಿಗೆ ಬಿಟ್ಟುಕೊಡಬೇಕೆಂದು ಕೋರುತ್ತೇನೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಹಳೆಯ ಮನೆಗಳವರು ಒಮ್ಮೆ ಅಟ್ಟ ಹತ್ತಿ ದಸ್ತಾವೇಜಿನ ಪೆಟ್ಟಿಗೆ ಬಿಚ್ಚಿ ನೋಡುವಂತಾಗಲಿ. ಆರಂಭಕ್ಕೆ ಅಜ್ಜನ 1938ರ ರಸೀದಿಯ ಪ್ರತಿಯನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ.

ಇತಿ,
ಓರ್ವ ನಿವೃತ್ತ ಕನ್ನಡ ಅಧ್ಯಾಪಕ
ಕುಂಬಳೆ, ಕಾಸರಗೋಡು ಜಿಲ್ಲೆ