ಇಪ್ಪತ್ತನೇ ದಿನವೂ ಒಂದು ಫೋನ್ ಮಾಡಿ

ಸಂಪಾದಕರಿಗೆ ನಮಸ್ಕಾರ.

ಫೆಂಗಲ್ ಚಂಡಮಾರುತದ ಮಳೆ ಈ ವಾರ ನಮ್ಮ ಮೈಸೂರನ್ನೂ ನೆನೆಸಿತು. ಮೋಡ ಕವಿದು, ಜಡಿ ಹಿಡಿದು, ಮನೆಯೊಳಗೆ ಒಗೆದ ಬಟ್ಟೆ ಒಣಗದ ದಿನಗಳವು. ಅಂಥ ಒಂದು ಬೆಳಿಗ್ಗೆ ಅಮೆರಿಕದ ಫ್ಲಾರಿಡಾದಲ್ಲಿರುವ ನನ್ನ ಕಾಲೇಜು ಗೆಳತಿಯಿಂದ ಮೆಸೇಜ್ ಬಂತು. "ಹೇಗಿದ್ದೀಯಾ" ಅಂತ ಅವಳು ಕೇಳಿರಲಿಲ್ಲ. "ಮಳವಳ್ಳಿಯಲ್ಲಿ ನಿನ್ನ ತಮ್ಮನ ರಾಗಿ ಕೊಯ್ಲು ಆಗಿತ್ತಾ? ಮೆದೆ ಹಾಕಿದ್ದರಾ, ಹೊಲದಲ್ಲೇ ಇತ್ತಾ?" ಅಂತ ಕೇಳಿದ್ದಳು.

ನನಗೆ ಎದೆ ಧಸಕ್ಕೆಂದಿತು. ಪುದುಚೇರಿಯಲ್ಲಿರುವ ಇನ್ನೊಬ್ಬ ಗೆಳತಿಗೆ ನಾನು ಆಗಲೇ ಎರಡು ಸಲ ಫೋನ್ ಮಾಡಿದ್ದೆ. ಟಿವಿಯಲ್ಲಿ ಅಲ್ಲಿಯ ನೀರು ಕಾಣುತ್ತಿತ್ತಲ್ಲ. ಒಡಹುಟ್ಟಿದ ತಮ್ಮನಿಗೆ ಮಾಡಿರಲಿಲ್ಲ. ತಕ್ಷಣ ಮಾಡಿದೆ. ಕೊಯ್ದ ರಾಗಿ ಹೊಲದಲ್ಲೇ ಸಾಲಾಗಿ ಬಿದ್ದಿತ್ತು. ಇನ್ನೆರಡು ದಿನ ಹೀಗೇ ಹಿಡಿದರೆ ತೆನೆಯಲ್ಲೇ ಮೊಳಕೆ ಬರುತ್ತೆ, ಹುಲ್ಲು ಕಪ್ಪಾದರೆ ದನ ಮೂಸಿಯೂ ನೋಡಲ್ಲ ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ನೀನು ಕೇಳಿದ್ದು ಒಳ್ಳೇದಾಯ್ತಕ್ಕ" ಅಂದ.

ಅಷ್ಟು ದೂರದಲ್ಲಿರುವವಳಿಗೆ ಈ ಪ್ರಶ್ನೆ ಹೊಳೆಯಿತು, ಇಲ್ಲೇ ಇರುವ ನನಗೆ ಹೊಳೆಯಲಿಲ್ಲ. ಯಾಕೆ ಅಂತ ಯೋಚಿಸಿದೆ. ಹಿಂದಿನ ಎರಡು ತಿಂಗಳು ತನ್ನೂರಿನಲ್ಲಿ ಎರಡು ಚಂಡಮಾರುತಗಳಿಂದ ಅವಳು ಅನುಭವಿಸಿದ್ದೇ ಕಾರಣ. ಅದನ್ನು ನಿಮ್ಮ ಓದುಗರಿಗೆ ಹೇಳಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ. ಮೈಸೂರಿನಲ್ಲಿ ಮಕ್ಕಳೋ ಗೆಳೆಯರೋ ಹೊರದೇಶದಲ್ಲಿ ಇಲ್ಲದ ಬೀದಿ ಈಗ ಕಡಿಮೆ ಅಲ್ವಾ?

ಅವಳ ಮನೆ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ಟ್ಯಾಂಪಾ ಕೊಲ್ಲಿಯ ದಡಕ್ಕೆ ಹತ್ತಿರ. ನಮ್ಮ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಅಂತ ಯಾವುದನ್ನು ಕರೆಯುತ್ತೇವೋ ಅಟ್ಲಾಂಟಿಕ್ ಕಡೆ ಅದನ್ನೇ ಹರಿಕೇನ್ ಅನ್ನುತ್ತಾರೆ. ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಅನ್ನುವ ಹರಿಕೇನ್ ಫ್ಲಾರಿಡಾದ ದಡಕ್ಕೆ ಅಪ್ಪಳಿಸಿತು. ಅದು ಅಪ್ಪಳಿಸಿದ ಜಾಗ ಇವಳ ಊರಿಂದ ತುಂಬಾ ಉತ್ತರಕ್ಕೆ. ಆದರೂ ಸಮುದ್ರ ಉಕ್ಕಿ ಇವಳ ಮನೆಯೊಳಗೆ ಮೊಣಕಾಲುದ್ದ ಉಪ್ಪು ನೀರು ಬಂತು. ಅದನ್ನು ತೋಡಿ ಹಾಕಿ, ಕೆಟ್ಟುಹೋದ ಸೋಫಾ, ಹಾಸಿಗೆ, ಕಾರ್ಪೆಟ್ ಎಲ್ಲ ರಸ್ತೆಬದಿಗೆ ತಂದು ರಾಶಿ ಹಾಕಿದರು. ಆ ರಾಶಿ ಇನ್ನೂ ಅಲ್ಲೇ ಇರುವಾಗ, ಹದಿಮೂರೇ ದಿನಕ್ಕೆ, ಮಿಲ್ಟನ್ ಬಂತು. ಸಮುದ್ರದ ಮೇಲಿದ್ದಾಗ ಅದರ ಗಾಳಿ ಗಂಟೆಗೆ 280 ಕಿಲೋಮೀಟರ್ ದಾಟಿತ್ತು. ದಡಕ್ಕೆ ಬರುವ ಹೊತ್ತಿಗೆ ಕಡಿಮೆಯಾದರೂ 180ರ ಮೇಲೇ ಇತ್ತು. ರಸ್ತೆಯಲ್ಲಿರುವ ನಮ್ಮದೇ ಮುರಿದ ಕುರ್ಚಿ ಹಾರಿ ಬಂದು ನಮ್ಮದೇ ಕಿಟಕಿ ಒಡೆಯುತ್ತದೇನೋ ಅನ್ನುವ ಭಯ ಅವಳಿಗೆ.

ಮಿಲ್ಟನ್ ದಡ ಮುಟ್ಟಿದ್ದು ಅಲ್ಲಿ ಅಕ್ಟೋಬರ್ 9ರ ರಾತ್ರಿ ಎಂಟೂವರೆಗೆ. ನಮಗದು 10ರ ಬೆಳಿಗ್ಗೆ ಆರು ಗಂಟೆ. ಜಂಬೂಸವಾರಿಗೆ ಎರಡೇ ದಿನ ಇತ್ತು. ಮನೆಯಲ್ಲಿ ಗೊಂಬೆ ಕೂರಿಸಿದ್ದೆ, ಊರಿಗೆ ಊರೇ ದೀಪದಲ್ಲಿತ್ತು. ನಾನು ಮಾತ್ರ ಗೊಂಬೆಗಳ ಮುಂದೆ ಕೂತು ಅವಳ ನಂಬರ್ ಒತ್ತುತ್ತಲೇ ಇದ್ದೆ. ನಾನೊಬ್ಬಳೇ ಅಲ್ಲ. ನಮ್ಮ ಹನ್ನೊಂದು ಜನರ ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರೂ ಅದನ್ನೇ ಮಾಡುತ್ತಿದ್ದರು. ಅವಳ ತಾಯಿ, ಅಣ್ಣ, ಭಾವ ಬೇರೆ.

ಆ ರಾತ್ರಿ ಅವಳ ಮನೆಯಲ್ಲಿ ಕರೆಂಟ್ ಇರಲಿಲ್ಲ. ಫ್ಲಾರಿಡಾದಲ್ಲಿ 30 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಹೋಗಿತ್ತು. ದೊಡ್ಡ ಪೈಪ್ ಒಡೆದು ಅವಳ ಊರಿನಲ್ಲಿ ಕುಡಿಯುವ ನೀರನ್ನೂ ನಿಲ್ಲಿಸಿದ್ದರು. ಫೋನಿನಲ್ಲಿದ್ದ ಚಾರ್ಜ್ ಅಷ್ಟೇ ಅವಳ ಆಸ್ತಿ. ನಮ್ಮ ಕಾಲ್‌ಗಳೇ ಅದನ್ನು ಮುಗಿಸುತ್ತಿದ್ದವು. ಕೊನೆಗೆ ಅವಳು "ನಾವು ಸರಿಯಾಗಿದ್ದೇವೆ, ದಯವಿಟ್ಟು ಫೋನ್ ಮಾಡಬೇಡಿ, ಅಮ್ಮನಿಗೆ ತಿಳಿಸಿ" ಅಂತ ಒಂದು ಸಾಲು ಕಳಿಸಿ ಫೋನ್ ಆಫ್ ಮಾಡಿದಳು. ಪ್ರೀತಿಯಿಂದಲೇ ಮಾಡಿದ್ದೆವು, ನಿಜ. ಆದರೆ ಅವಳಿಗೆ ಅದರಿಂದ ತೊಂದರೆಯೇ ಆಯಿತು.

ಈಗ ನಮ್ಮ ಗುಂಪಿನಲ್ಲಿ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಯಾರ ಊರಲ್ಲಿ ಏನೇ ಆದರೂ ಮೊದಲ ದಿನ ಒಬ್ಬರೇ ಸಂಪರ್ಕಿಸಬೇಕು, ಅವರೇ ಉಳಿದವರಿಗೆ ಹೇಳಬೇಕು. ಕಾಲ್ ಬೇಡ, ಮಾಮೂಲಿ ಎಸ್‌ಎಂಎಸ್ ಸಾಕು. ಟವರ್ ಮೇಲೆ ಒತ್ತಡ ಇದ್ದಾಗ ಮಾತು ಹೋಗದಿದ್ದರೂ ಎಸ್‌ಎಂಎಸ್ ಎಷ್ಟೋ ಸಲ ಹೋಗುತ್ತದೆ. ಅದಕ್ಕೆ ನೆಟ್‌ವರ್ಕ್ ಬೇಕಾಗುವುದು ಕ್ಷಣಮಾತ್ರ, ಮೊದಲ ಸಲ ತಲುಪದಿದ್ದರೆ ಅದು ಕಾದಿದ್ದು ಮತ್ತೆ ಪ್ರಯತ್ನಿಸುತ್ತದೆ. ಉತ್ತರಿಸಲು ಹೊತ್ತಾದರೆ ಗಾಬರಿಯ ಮೆಸೇಜ್‌ಗಳನ್ನು ಗುಂಪಿನಲ್ಲಿ ಹಾಕುವಂತಿಲ್ಲ. ಯಾವುದೋ ಹಳೇ ವಿಡಿಯೋ ಕಳಿಸಿ ಅವಳ ತಾಯಿಯ ಬಿಪಿ ಏರಿಸಿದ್ದೂ ಆಗಿತ್ತು.

ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಆಮೇಲಿನದು. ವಿಜಯದಶಮಿ ಆಯಿತು, ಗೊಂಬೆ ಎತ್ತಿಟ್ಟೆವು. ಕರೆಂಟ್ ಬಂತು ಅಂತ ಅವಳು ಹೇಳಿದ ಮೇಲೆ ನಾವೆಲ್ಲ ನಿಶ್ಚಿಂತರಾದೆವು. ದೀಪಾವಳಿಯ ಹತ್ತಿರ ಶುಭಾಶಯ ಹೇಳೋಣ ಅಂತ ಫೋನ್ ಮಾಡಿದರೆ ಅವಳು ಅಳತೊಡಗಿದಳು. ಉಪ್ಪು ನೀರು ಕುಡಿದ ಒಳಗೋಡೆಯ ಹಲಗೆಗಳಿಗೆ ಬೂಸ್ಟು ಹಿಡಿದು ಸೊಂಟದೆತ್ತರಕ್ಕೆ ಕತ್ತರಿಸಿ ತೆಗೆದಿದ್ದರು. ಇನ್ಶೂರೆನ್ಸ್‌ನವರು ಇನ್ನೂ ಬಂದಿರಲಿಲ್ಲ. ಮಗ ಮಳೆ ಸದ್ದು ಕೇಳಿದರೆ ಶೂ ಹಾಕಿಕೊಂಡು ಕೂರುತ್ತಾನಂತೆ. ಅವಳ ಮದುವೆಯ ಆಲ್ಬಂ, ತಂದೆ ಬರೆದ ಪತ್ರಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. "ಮೂರು ವಾರದಿಂದ ಯಾರೂ ಏನೂ ಕೇಳಿಲ್ಲ ಕಣೇ" ಅಂದಳು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಚಂಡಮಾರುತದ ಸಾವುನೋವು ಗಾಳಿ ನಿಂತ ದಿನಕ್ಕೆ ಮುಗಿಯುವುದಿಲ್ಲ. 2017ರ ಸೆಪ್ಟೆಂಬರಿನಲ್ಲಿ ಮರಿಯಾ ಅನ್ನುವ ಹರಿಕೇನ್ ಪೋರ್ಟೊ ರಿಕೊ ದ್ವೀಪವನ್ನು ಹೊಡೆಯಿತು. ಸತ್ತವರು 64 ಜನ ಅಂತ ಸರ್ಕಾರ ಮೊದಲು ಲೆಕ್ಕ ಕೊಟ್ಟಿತ್ತು. ಆಮೇಲೆ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಮುಂದಿನ ಫೆಬ್ರವರಿವರೆಗಿನ ಸಾವುಗಳನ್ನು ನೋಡಿದರು. ಸಾಮಾನ್ಯ ದಿನಗಳಿಗಿಂತ ಸುಮಾರು 2,975 ಸಾವು ಹೆಚ್ಚು ಆಗಿತ್ತು. ಸರ್ಕಾರ 2018ರಲ್ಲಿ ಆ ಲೆಕ್ಕವನ್ನೇ ಒಪ್ಪಿಕೊಂಡಿತು. ವಯಸ್ಸಾದವರಿಗೆ, ಬಡವರಿಗೆ ಪೆಟ್ಟು ಜಾಸ್ತಿ ಬಿದ್ದಿತ್ತು. ತಿಂಗಳುಗಟ್ಟಲೆ ಕರೆಂಟ್ ಇಲ್ಲದಿದ್ದರೆ ಇನ್ಸುಲಿನ್ ಎಲ್ಲಿಡಬೇಕು? ಆಸ್ಪತ್ರೆಗೆ ಯಾವ ದಾರಿಯಲ್ಲಿ ಹೋಗಬೇಕು? ಹೆಲೀನ್ ಹಾಳುಮಾಡಿದ, ನಾರ್ತ್ ಕ್ಯಾರೊಲಿನಾ ರಾಜ್ಯದ ಆ್ಯಶ್‌ವಿಲ್ ಊರಿನ ನಲ್ಲಿಯಲ್ಲಿ ಮತ್ತೆ ಕುಡಿಯುವಂಥ ನೀರು ಬರಲು 53 ದಿನ ಬೇಕಾಯಿತು. ಅದೂ ಅಮೆರಿಕದಲ್ಲಿ.

ಹಾಗಾಗಿ "ಹೇಗಿದ್ದೀಯಾ" ಅಂದರೆ ಸಾಲದು ಅಂತ ನನಗೀಗ ಗೊತ್ತಾಗಿದೆ. ಅದಕ್ಕೆ ಎಲ್ಲರೂ "ಚೆನ್ನಾಗಿದ್ದೀನಿ" ಅಂತಲೇ ಹೇಳುತ್ತಾರೆ. ನೀರು ಬಂತಾ, ಮಾತ್ರೆ ಎಷ್ಟು ದಿನಕ್ಕಿದೆ, ರಾತ್ರಿ ನಿದ್ದೆ ಬರುತ್ತಾ ಅಂತ ಕೇಳಿದರೆ ಬಾಯಿ ಬಿಡುತ್ತಾರೆ. ಆ ಆಲ್ಬಂ ವಿಷಯಕ್ಕೂ ಒಂದು ದಾರಿ ಸಿಕ್ಕಿತು. ನಮ್ಮ ಗುಂಪಿನವರು ತಮ್ಮ ತಮ್ಮ ಮನೆಯ ಆಲ್ಬಂ ತೆಗೆದು ಅವಳ ಮದುವೆಯ ಫೋಟೋಗಳನ್ನೆಲ್ಲ ಹುಡುಕಿ, ಮೊಬೈಲಿನಲ್ಲಿ ತೆಗೆದು ಕಳಿಸಿದೆವು. ನಲವತ್ತಕ್ಕೂ ಹೆಚ್ಚು ಸಿಕ್ಕವು. ತಂದೆಯ ಕಾಗದ ಮಾತ್ರ ಸಿಗಲಿಲ್ಲ. ಮನಸ್ಸಿನ ಭಯ ಹೋಗದವರಿಗೆ ನಮ್ಮಲ್ಲಿ ಸರ್ಕಾರದ ಸಹಾಯವಾಣಿ ಟೆಲಿಮಾನಸ್ ಇದೆ, 14416 ನಂಬರಿಗೆ ಉಚಿತವಾಗಿ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ. ಫೆಂಗಲ್‌ನಿಂದ ಕಂಗೆಟ್ಟವರಿಗೆ ಈ ನಂಬರ್ ತಲುಪಿಸಿ.

ಈಗ ನಿಮ್ಮಲ್ಲಿ ಒಂದು ಕೇಳಿಕೆ. ಮೊದಲೆರಡು ದಿನ ನೀವು ಮುಖಪುಟದಲ್ಲಿ ದೊಡ್ಡದಾಗಿ ಹಾಕಿದ್ದೀರಿ. ಪುದುಚೇರಿಯಲ್ಲಿ ಒಂದೇ ದಿನ 46 ಸೆಂಟಿಮೀಟರಿಗೂ ಹೆಚ್ಚು ಮಳೆ, ತಮಿಳುನಾಡಿನ ಊತಂಗರೆಯಲ್ಲಿ ಕೊಚ್ಚಿಹೋದ ವಾಹನಗಳು, ತಿರುವಣ್ಣಾಮಲೈಯಲ್ಲಿ ಗುಡ್ಡ ಕುಸಿದು ಮನೆಯೊಳಗೇ ಸಮಾಧಿಯಾದ ಏಳು ಜನ. ಓದಿ ಸಂಕಟವಾಯಿತು. ನಿನ್ನೆಯಿಂದ ಅದು ಒಳಪುಟಕ್ಕೆ ಹೋಗಿದೆ. ದಯವಿಟ್ಟು ಅಲ್ಲಿಗೇ ಬಿಡಬೇಡಿ. ಡಿಸೆಂಬರ್ ಮೂರನೇ ವಾರದಲ್ಲಿ ಒಮ್ಮೆ, ಸಂಕ್ರಾಂತಿಯ ಹೊತ್ತಿಗೆ ಇನ್ನೊಮ್ಮೆ ಅದೇ ಊರುಗಳಿಗೆ ಹೋಗಿ ಬನ್ನಿ. ಮಂಡ್ಯ, ಮೈಸೂರು ಕಡೆ ಹೊಲದಲ್ಲಿ ನೆನೆದ ರಾಗಿ, ಭತ್ತದ ಪರಿಹಾರಕ್ಕೆ ಯಾರಲ್ಲಿ ಅರ್ಜಿ ಕೊಡಬೇಕು, ಯಾವ ಕಾಗದ ಬೇಕು, ಕೊನೇ ದಿನ ಯಾವುದು ಅನ್ನುವುದನ್ನು ಅಧಿಕಾರಿಗಳಿಂದ ಕೇಳಿ ಎಲ್ಲರಿಗೂ ಕಾಣುವ ಹಾಗೆ ಹಾಕಿ. ನನ್ನ ತಮ್ಮ ಯಾರನ್ನು ಕೇಳಬೇಕು ಅಂತ ಗೊತ್ತಿಲ್ಲದೆ ಕೂತಿದ್ದಾನೆ.

ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಡಿಸೆಂಬರ್ 20ಕ್ಕೆ ಸುತ್ತು ಹಾಕಿ ಪುದುಚೇರಿ ಅಂತ ಬರೆದಿದ್ದೇನೆ. ಆ ದಿನ ಗೆಳತಿಗೆ ಫೋನ್ ಮಾಡಬೇಕು. ಅವತ್ತಿನ ನಿಮ್ಮ ಪತ್ರಿಕೆಯಲ್ಲೂ ಆ ಊರಿನ ಸುದ್ದಿ ಹುಡುಕುತ್ತೇನೆ.

— ಓದುಗಿ, ಸರಸ್ವತಿಪುರಂ, ಮೈಸೂರು
ಡಿಸೆಂಬರ್ 6, 2024